ಈಜಬಲ್ಲವರೂ ಹಲಗೆ ಹಿಡಿದವರೂ

ಓದತಕ್ಕ ವಾಕ್ಯಭಾಗಗಳು: ಅಪೊಸ್ತಲರ ಕೃತ್ಯಗಳು 27:39–44, ಯೋಹಾನ 5:1–15, ಯೋಹಾನ 9:1–7, ಮಾರ್ಕ 2:1–12, 2 ಕೊರಿಂಥ 12:7–10.



ಪೌಲನು ಸೆರೆಯವನಾಗಿ ರೋಮಾಪುರಕ್ಕೆ ಹೋಗುವಾಗ ಹಡಗು ಒಡೆದ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಆ ಹಡಗಿನಲ್ಲಿ 276 ಜನರಿದ್ದರು. ಕರೆಯು ಕಣ್ಣಿಗೆ ಕಾಣುತ್ತಿತ್ತು. ಆದರೆ ನಡುವೆ ನೀರು. ಆಗ ಶತಾಧಿಪತಿಯು, ಈಜಬಲ್ಲವರು ಮೊದಲು ಹಾರಿ ದಡ ಸೇರಲಿ, ಮಿಕ್ಕವರು ಹಲಗೆಗಳ ಮೇಲೂ ಹಡಗಿನ ತುಂಡುಗಳ ಮೇಲೂ ಬರಲಿ ಎಂದು ಅಪ್ಪಣೆಮಾಡಿದನು. ಹೀಗೆ ಎಲ್ಲರೂ ಪ್ರಾಣದೊಡನೆ ನೆಲವನ್ನು ಮುಟ್ಟಿದರು. ಯಾರು ಈಜಿ ಬಂದರು, ಯಾರು ಹಲಗೆಯನ್ನು ತಬ್ಬಿಕೊಂಡು ಬಂದರು ಎಂಬ ಪಟ್ಟಿಯನ್ನು ಲೂಕನು ಬರೆಯಲಿಲ್ಲ. ಎಲ್ಲರೂ ಬಂದರು ಎಂಬದನ್ನು ಮಾತ್ರ ಬರೆದನು. ಈ ತಿಂಗಳಿನ ಪಾಠವು ಈ ಮಾತಿನ ಮೇಲೆಯೇ ನಿಂತಿದೆ.

ಪಾಠಕ್ಕೆ ಕಾರಣವಾದ ಸಂಗತಿ

ಕೌಜಲಗಿಯ ಸುತ್ತಲಿನ ಹಳ್ಳಿಗಳ ಸಭೆಗಳೊಂದರಲ್ಲಿ ಒಬ್ಬ ಯೌವನಸ್ಥನಿದ್ದಾನೆ. ಅವನ ಹೆಸರು ಇಲ್ಲಿ ಬೇಡ. ನಮ್ಮ ಕಡೆಯ ಹುಡುಗರೆಲ್ಲರಂತೆ ಅವನೂ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಸು ಕಲಿತವನು. ಮುಂದೆ ಕಾಲೇಜಿನಲ್ಲಿ ಓದುವಾಗ ಈಜುಗೊಳದ ಪಂದ್ಯಗಳಿಗೆ ಆರಿಸಲ್ಪಟ್ಟನು. ಕೂಲಿಯವನ ಮಗನು ಪಂದ್ಯಕ್ಕೆ ಹೋಗಿ ಪದಕ ತಂದನೆಂದು ಸಭೆಯಲ್ಲಿ ಸ್ತೋತ್ರಾರ್ಪಣೆ ಮಾಡಿದೆವು.

ಒಂದು ಮಳೆಗಾಲದಲ್ಲಿ ಅವನಿಗೆ ಭೇದಿಯಾಯಿತು. ಅದು ವಾಸಿಯಾದ ಹತ್ತು ಹನ್ನೆರಡು ದಿನಗಳ ಮೇಲೆ ಪಾದಗಳು ಜೋಮು ಹಿಡಿದವು. ಮಾರನೆಯ ದಿನ ಮೊಣಕಾಲುಗಳು ಕುಸಿದವು. ಮೂರನೆಯ ದಿನ ಕೈಯಲ್ಲಿ ನೀರಿನ ತಂಬಿಗೆ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಬಹು ವಾರಗಳಿದ್ದು ಪ್ರಾಣ ಉಳಿಸಿಕೊಂಡು ಬಂದನು. ಆದರೆ ಹೊರಸಿನ ಮೇಲೆ ಬಂದನು.

ಆಗ ಊರಿನಲ್ಲಿ ಮೂರು ಮಾತುಗಳು ಹುಟ್ಟಿದವು. ಮೊದಲನೆಯದು, ಮನೆಯವರ ಯಾವದೋ ಗುಪ್ತಪಾಪಕ್ಕೆ ಇದು ಶಿಕ್ಷೆ ಎಂಬದು. ಎರಡನೆಯದು, ನಂಬಿಕೆ ಸಾಕಷ್ಟಿದ್ದರೆ ಇಷ್ಟರೊಳಗೆ ಎದ್ದು ನಡೆಯಬೇಕಾಗಿತ್ತು ಎಂಬದು. ಮೂರನೆಯ ಮಾತನ್ನು ಆಡಿದವರು ನಾವೇ. ಅವನ ತಾಯಿ ನಮ್ಮನ್ನು ಬಾಗಿಲ ಹೊರಗೆ ಕರೆದು, “ಉಪದೇಶಿಗಳೇ, ನನ್ನ ಮಗನು ಮತ್ತೆ ನೀರಿಗೆ ಇಳಿದಾನೇ? ರಾತ್ರಿಯೆಲ್ಲಾ ಅದನ್ನೇ ಕೇಳುತ್ತಾನೆ,” ಅಂದಳು. ನಾವು ಒಳಗೆ ಹೋಗಿ ಅವನಿಗೆ, “ತಮ್ಮಾ, ಜೀವ ಉಳಿಯಿತಲ್ಲಾ, ಅದೇ ಸಾಕು, ಪಂದ್ಯದ ಆಶೆಯನ್ನು ಬಿಟ್ಟು ಕರ್ತನಲ್ಲಿ ತೃಪ್ತನಾಗಿರು,” ಎಂದು ಬೋಧಿಸಿದೆವು. ಅವನು ಹಿಜ್ಕೀಯ ಅರಸನಂತೆ ಗೋಡೆಯ ಕಡೆಗೆ ಮುಖವನ್ನು ತಿರುಗಿಸಿಕೊಂಡನು. ನಾವು ಮಾಡಿದ ಪ್ರಾರ್ಥನೆಗೆ ಆಮೆನ್ ಹೇಳಲಿಲ್ಲ.

ಆ ದಿನ ನಾವು ಅವನಿಗೆ ಕೊಟ್ಟದ್ದು ತೃಪ್ತಿಯಲ್ಲ, ಕದ ಮುಚ್ಚುವ ಮಾತು ಎಂಬದು ಕಾಲಕ್ರಮದಲ್ಲಿ ತಿಳಿಯಿತು. ಇಂಥ ಮನೆಗಳು ನಿಮ್ಮ ಸಭೆಗಳಲ್ಲಿಯೂ ಇರುವದರಿಂದ, ನಮ್ಮಂತೆ ನೀವು ತಪ್ಪದ ಹಾಗೆ ಈ ವಿಷಯವನ್ನು ಐದು ಭಾಗಗಳಾಗಿ ವಿಚಾರಿಸೋಣ.

1. ರೋಗವು ಲೆಕ್ಕದ ಚೀಟಿಯಲ್ಲ

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಕರ್ತನನ್ನು ಕೇಳಿದ್ದು, ಪಾಪಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂಬದಾಗಿ. ಕರ್ತನು ಎರಡನ್ನೂ ಅಲ್ಲಗಳೆದನು. ಈ ಪ್ರಶ್ನೆಯನ್ನು ಅಂದು ಶಿಷ್ಯರೇ ಕೇಳಿದರು. ಇಂದು ಸಭೆಯವರೇ ಕೇಳುತ್ತೇವೆ. ರೋಗಿಯ ಬಳಿ ಕೂತು ಅವನ ಪಾಪದ ಲೆಕ್ಕ ನೋಡುವದು ಯೋಬನ ಸ್ನೇಹಿತರ ಕೆಲಸ. ಕಡೆಯಲ್ಲಿ ದೇವರ ಗದರಿಕೆ ಬಿದ್ದದ್ದು ಅವರ ಮೇಲೆಯೇ.

ಆ ಯೌವನಸ್ಥನಿಗೆ ಬಂದ ರೋಗಕ್ಕೆ ವೈದ್ಯರು ಗಿಯಾನ್–ಬಾರೆ ಎಂಬ ಹೆಸರು ಹೇಳುತ್ತಾರೆ. 1916ನೆಯ ಇಸವಿಯಲ್ಲಿ ಇದನ್ನು ವಿವರಿಸಿ ಬರೆದ ಫ್ರಾನ್ಸ್ ದೇಶದ ವೈದ್ಯರ ಹೆಸರುಗಳೇ ಇದಕ್ಕೆ ಬಂದಿವೆ. 2025ನೆಯ ಇಸವಿಯ ಆರಂಭದಲ್ಲಿ ಪುಣೆಯಲ್ಲಿ ಬಹು ಜನರಿಗೆ ಬಂದು ಪತ್ರಿಕೆಗಳಲ್ಲಿ ಪ್ರಕಟವಾದ ರೋಗವು ಇದೇ. ಇದು ಹೇಗೆ ಆಗುತ್ತದಂದರೆ, ಭೇದಿ ಅಥವಾ ನೆಗಡಿಜ್ವರದಂಥ ಸೋಂಕು ಬಂದುಹೋದ ಮೇಲೆ, ರೋಗಾಣುವಿನೊಡನೆ ಹೋರಾಡಬೇಕಾದ ಶರೀರದ ಕಾವಲುಬಲವು ದಾರಿತಪ್ಪಿ ಸ್ವಂತ ನರಗಳ ಮೇಲೆಯೇ ಬೀಳುತ್ತದೆ. ವಿದ್ಯುತ್ತಿನ ತಂತಿಗೆ ಮೇಲುಹೊದಿಕೆ ಇರುವಂತೆ ನರಗಳಿಗೂ ಒಂದು ಹೊದಿಕೆ ಉಂಟು. ಅದು ಕೆಟ್ಟಾಗ ಮೆದುಳಿನ ಅಪ್ಪಣೆಯು ಕಾಲಿಗೆ ತಲಪುವದಿಲ್ಲ. ಬಲಹೀನತೆಯು ಸಾಮಾನ್ಯವಾಗಿ ಪಾದಗಳಿಂದ ಮೇಲಕ್ಕೆ ಏರುತ್ತದೆ. ಎದೆಯ ತನಕ ಏರಿದರೆ ಉಸಿರಾಟಕ್ಕೇ ಅಪಾಯ. ಆದಕಾರಣ ಕಾಲು ದಿನದಿಂದ ದಿನಕ್ಕೆ ಸೋಲುವದನ್ನು ಕಂಡರೆ ಮಂತ್ರ, ಅಂತ್ರ, ಲೇಪನಗಳಲ್ಲಿ ಒಂದು ದಿನವನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ಮೊದಲ ವಾರಗಳಲ್ಲಿ ಚಿಕಿತ್ಸೆಯಾದರೆ ಪ್ರಯೋಜನ ಹೆಚ್ಚು. ಹೆಚ್ಚಿನ ರೋಗಿಗಳು ತಿಂಗಳುಗಳ ಮೇಲೆ ಎದ್ದು ನಡೆಯುತ್ತಾರೆ. ಕೆಲವರಿಗೆ ಬಲಹೀನತೆ ಉಳಿದುಹೋಗುತ್ತದೆ.

ಇದರಲ್ಲಿ ತಾಯಿಯ ಪಾಪವೆಲ್ಲಿ? ಕೆಟ್ಟ ನೀರು ಕುಡಿದದ್ದುಂಟು. ಅದಕ್ಕೆ ಊರಿನ ನೀರಿನ ತೊಟ್ಟಿಯನ್ನು ತೊಳೆಯದ ನಾವೆಲ್ಲರೂ ಪಾಲುಗಾರರು. ಪಾಪವನ್ನು ಹುಡುಕುವವರು ಮೊದಲು ಅಲ್ಲಿ ಹುಡುಕಲಿ.

2. ಹಿಂತಿರುಗಿದವರ ಮಾದರಿಗಳು

ಮಲಗಿದವನು ಮತ್ತೆ ನೀರಿಗಿಳಿದು ಪಂದ್ಯದಲ್ಲಿ ನಿಂತದ್ದುಂಟೋ? ಉಂಟು. ಹತ್ತಿರದವರಿಂದ ಆರಂಭಿಸೋಣ.

ನಮ್ಮ ಬೆಳಗಾವಿ ಜಿಲ್ಲೆಗೆ ನೆರೆಯಾದ ಸಾಂಗ್ಲಿ ಜಿಲ್ಲೆಯವರಾದ ಮುರಳೀಕಾಂತ ಪೇಟಕರ ಎಂಬವರು ಸೈನ್ಯದಲ್ಲಿ ಮುಷ್ಟಿಕಾಳಗದ ಪಟುವಾಗಿದ್ದರು. 1965ರ ಯುದ್ಧದಲ್ಲಿ ಗುಂಡುಗಳು ತಗಲಿ ಅವರ ಕಾಲುಗಳು ಸ್ವಾಧೀನ ತಪ್ಪಿದವು. ಇವರದು ರೋಗವಲ್ಲ, ಗಾಯ. ಆದಾಗ್ಯೂ ಹೊರಸಿನ ಮೇಲಿನ ದಿನಗಳು ಇಬ್ಬರಿಗೂ ಒಂದೇ. ಆಸ್ಪತ್ರೆಯಲ್ಲಿ ಚಿಕಿತ್ಸೆಗೋಸ್ಕರ ನೀರಿಗೆ ಇಳಿದವರು ಅಲ್ಲಿಯೇ ತಮ್ಮ ಹೊಸ ಆಟವನ್ನು ಕಂಡುಕೊಂಡರು. 1972ನೆಯ ಇಸವಿಯಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಪಟ್ಟಣದಲ್ಲಿ ನಡೆದ ಅಂಗವಿಕಲರ ಜಾಗತಿಕ ಪಂದ್ಯಗಳಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನದ ಪದಕವನ್ನು ಪಡೆದರು. ಆ ಪಂದ್ಯಗಳಲ್ಲಿ ಭಾರತಕ್ಕೆ ಬಂದ ಮೊದಲನೆಯ ಚಿನ್ನವು ಅದೇ. ದೇಶವು ಅವರಿಗೆ ಪದ್ಮಶ್ರೀಯನ್ನು ಕೊಟ್ಟದ್ದು 2018ರಲ್ಲಿ, ಅಂದರೆ 46 ವರ್ಷಗಳ ಮೇಲೆ. ಮನುಷ್ಯರ ಹೊಗಳಿಕೆಗಾಗಿ ಈಜುವವನು ಬಹು ಕಾಲ ಕಾಯಬೇಕಾಗುವದೆಂದು ಇದರಿಂದಲೂ ಕಲಿಯಬಹುದು.

ಎರಡನೆಯ ಮಾದರಿ ಜಪಾನ್ ದೇಶದ ರಿಕಾಕೋ ಇಕೇ ಎಂಬ ಕನ್ಯೆ. 2018ರಲ್ಲಿ ಜಕಾರ್ತಾ ಪಟ್ಟಣದ ಏಷ್ಯಾ ಖಂಡದ ಕ್ರೀಡಾಕೂಟದಲ್ಲಿ ಹದಿನೆಂಟು ವರ್ಷದ ಇವಳು ಆರು ಚಿನ್ನದ ಪದಕಗಳನ್ನು ಗೆದ್ದಳು. 2019ರ ಫೆಬ್ರುವರಿಯಲ್ಲಿ ರಕ್ತದ ಕ್ಯಾನ್ಸರ್ ಇರುವದಾಗಿ ತಿಳಿದುಬಂತು. ಸುಮಾರು ಹತ್ತು ತಿಂಗಳು ಆಸ್ಪತ್ರೆಯಲ್ಲಿದ್ದು, ಶರೀರದ ಮಾಂಸವೆಲ್ಲಾ ಕರಗಿ, ಆ ವರ್ಷದ ಡಿಸೆಂಬರದಲ್ಲಿ ಮನೆಗೆ ಬಂದಳು. 2020ರ ಮಾರ್ಚಿಯಲ್ಲಿ ವೈದ್ಯರ ಅಪ್ಪಣೆಯಿಂದ ನೀರನ್ನು ಮುಟ್ಟಿದಳು. 2021ರ ಏಪ್ರಿಲಿನಲ್ಲಿ ತನ್ನ ದೇಶದ ಪಂದ್ಯಗಳಲ್ಲಿ 100 ಮೀಟರ್ ಚಿಟ್ಟೆ ಈಜನ್ನು 57.77 ಸೆಕೆಂಡುಗಳಲ್ಲಿ ಮುಗಿಸಿ ಮೊದಲನೆಯವಳಾದಳು. ಆ ವರ್ಷವೇ ಟೋಕಿಯೋ ಒಲಿಂಪಿಕ್‌ನಲ್ಲಿ ತಂಡದೊಡನೆ ಈಜಿದಳು.

ಮೂರನೆಯವನು ಹಾಲೆಂಡ್ ದೇಶದ ಮಾರ್ಟಿನ್ ವಾನ್ ಡರ್ ವೈಡನ್. ದೂರದ ಈಜಿನಲ್ಲಿ ಹೆಸರುಗೊಳ್ಳುತ್ತಿದ್ದ ಇವನಿಗೂ 2001ರಲ್ಲಿ ರಕ್ತದ ಕ್ಯಾನ್ಸರ್ ಬಂತು. ವಾಸಿಯಾದ ಮೇಲೆ ಮತ್ತೆ ಆರಂಭಿಸಿ, 2008ರಲ್ಲಿ ಬೀಜಿಂಗ್ ಒಲಿಂಪಿಕ್‌ನಲ್ಲಿ 10 ಕಿಲೋಮೀಟರ್ ಈಜಿನಲ್ಲಿ ಚಿನ್ನವನ್ನು ಗೆದ್ದನು. ಸುಮಾರು ಎರಡು ತಾಸಿನ ಆ ಪಂದ್ಯದಲ್ಲಿ ಅವನು ಮುಂದಿನವರ ಹಿಂದೆ ತಾಳ್ಮೆಯಿಂದಿದ್ದು ಕಡೆಯ ಗಳಿಗೆಯಲ್ಲಿ ಮುಂದೆ ಬಂದನು. ಈ ತಾಳ್ಮೆಯನ್ನು ಎಲ್ಲಿ ಕಲಿತೆ ಎಂದು ಕೇಳಿದವರಿಗೆ, ಆಸ್ಪತ್ರೆಯ ಹಾಸಿಗೆಯಲ್ಲಿ ಕಲಿತೆನೆಂಬ ಅರ್ಥದ ಉತ್ತರವನ್ನು ಕೊಟ್ಟನು. ನೋವಿನಲ್ಲಿ ಮುಂದಿನ ವರ್ಷವನ್ನು ಯೋಚಿಸಲಾಗದು. ಮುಂದಿನ ಒಂದು ತಾಸನ್ನು ಮಾತ್ರ ಯೋಚಿಸಬಹುದು. ನಾಳೆಯ ಚಿಂತೆಯನ್ನು ನಾಳೆಗೆ ಬಿಡಿರೆಂದು ಕರ್ತನು ಬೆಟ್ಟದ ಮೇಲೆ ಕಲಿಸಿದ್ದು ಇದನ್ನೇ ಅಲ್ಲವೇ?

3. ನೀರಿನ ಕೆಲಸವೂ ಎಚ್ಚರಿಕೆಯೂ

ನೆಲದ ಮೇಲೆ ನಿಲ್ಲಲಾರದವನು ನೀರಿನಲ್ಲಿ ಹೇಗೆ ನಿಲ್ಲುತ್ತಾನೆಂದು ಹಳ್ಳಿಯವರು ಆಶ್ಚರ್ಯಪಡುತ್ತಾರೆ. ಬಾವಿಯಲ್ಲಿ ಕೊಡವು ನೀರೊಳಗೆ ಇರುವ ತನಕ ಹಗುರ, ಮೇಲಕ್ಕೆ ಬಂದ ಕೂಡಲೆ ಭಾರ ಎಂಬದನ್ನು ನೀರು ಸೇದುವ ಹೆಂಗಸರೆಲ್ಲರೂ ಬಲ್ಲರು. ಶರೀರದ ಸಂಗತಿಯೂ ಹಾಗೆಯೇ. ಸೊಂಟದ ತನಕ ನೀರಿದ್ದರೆ ಕಾಲುಗಳು ಹೊರುವ ಭಾರವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಯ ತನಕ ಇದ್ದರೆ ಸುಮಾರು ಮೂರರಲ್ಲೊಂದಕ್ಕೆ. ಕುತ್ತಿಗೆಯ ತನಕ ಇದ್ದರೆ ಸುಮಾರು ಹತ್ತರಲ್ಲೊಂದಕ್ಕೆ. ಹೀಗಿರಲಾಗಿ ನೆಲದ ಮೇಲೆ ಶರೀರವನ್ನು ಹೊರಲಾರದ ಕಾಲುಗಳು ನೀರಿನಲ್ಲಿ ಹೆಜ್ಜೆಯನ್ನು ನೆನಪಿಸಿಕೊಳ್ಳಬಲ್ಲವು. ಮೇಲಾಗಿ ನೀರು ಪ್ರತಿಯೊಂದು ಚಲನೆಯನ್ನೂ ಮೆಲ್ಲಗೆ ತಡೆಯುವದರಿಂದ ಸೋತ ಸ್ನಾಯುಗಳಿಗೆ ಕೆಲಸವೂ ಸಿಕ್ಕುತ್ತದೆ.

ಆದರೆ ಇದನ್ನೋದಿ ಯಾರೂ ರೋಗಿಯನ್ನು ಕಾಲುವೆಗೆ ಒಯ್ಯಬಾರದು. ಘಟಪ್ರಭೆಯ ಹೊಳೆಯೂ ಅದರ ಕಾಲುವೆಗಳೂ ಬಲಿಷ್ಠರನ್ನೇ ಸೆಳೆದುಕೊಂಡು ಹೋಗಿವೆ. ಮೊದಲು ವೈದ್ಯರ ಅಪ್ಪಣೆ ಬೇಕು. ಉಸಿರಾಟವೂ ಹೃದಯವೂ ಸರಿಯಿವೆಯೆಂದು ಪರೀಕ್ಷೆಯಾಗಬೇಕು. ಎರಡನೆಯದಾಗಿ, ಅಂಗಸಾಧನೆಯ ಚಿಕಿತ್ಸೆ ಬಲ್ಲವರು ತೋರಿಸಿದ ಕ್ರಮದಲ್ಲಿಯೇ ನಡೆಯಬೇಕು. ಮೂರನೆಯದಾಗಿ, ಮೆಟ್ಟಲುಗಳೂ ಹಿಡಿಕೆಯೂ ಉಳ್ಳ, ನಿಂತ ನೀರಿನ ಆಳವಿಲ್ಲದ ಸ್ಥಳವಾಗಿರಬೇಕು. ಈಜಬಲ್ಲ ಇಬ್ಬರು ಪಕ್ಕದಲ್ಲಿಯೇ ಇರಬೇಕು. ನಾಲ್ಕನೆಯದಾಗಿ, ಆಯಾಸವಾಗುವದಕ್ಕೆ ಮುಂಚೆಯೇ ಮೇಲಕ್ಕೆ ಬರಬೇಕು. ನರದ ರೋಗದಿಂದ ಎದ್ದವನು ನಿನ್ನೆ ಹತ್ತು ಸಲ ಕೈಬೀಸಿದರೆ ಇಂದು ಇಪ್ಪತ್ತು ಬೀಸುವೆನೆಂದು ಹಟ ಹಿಡಿದರೆ ಮಾರನೆಯ ದಿನ ಒಂದನ್ನೂ ಬೀಸಲಾರನು. ಬಿತ್ತಿದ ಮಾರನೆಯ ದಿನವೇ ಜೋಳದ ಕಾಳನ್ನು ಕೆದರಿ ಮೊಳೆತಿದೆಯೋ ಎಂದು ನೋಡುವ ರೈತನುಂಟೋ? ನರಗಳ ಬೆಳೆಯೂ ಹಾಗೆಯೇ. ತಿಂಗಳುಗಳೂ ವರ್ಷಗಳೂ ಹಿಡಿಯುತ್ತವೆ.

4. ಹಿಂತಿರುಗುವದೆಂದರೆ ಮೊದಲಿನ ಸ್ಥಳಕ್ಕೆ ಹೋಗುವದಲ್ಲ

ಮೇಲೆ ಇಕೇ ಎಂಬವಳ 57.77 ಸೆಕೆಂಡುಗಳ ಸಂಗತಿಯನ್ನು ಬರೆದೆವು. ರೋಗಕ್ಕೆ ಮುಂಚೆ, 2018ರಲ್ಲಿ, ಅವಳು ಅದೇ ದೂರವನ್ನು 56.08 ಸೆಕೆಂಡುಗಳಲ್ಲಿ ಈಜಿದ್ದಳು. ಗೆದ್ದು ಅತ್ತ ದಿನವೂ ಅವಳು ತನ್ನ ಹಿಂದಿನ ತನಗಿಂತ ಹಿಂದೆಯೇ ಇದ್ದಳು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಆ ಈಜಿನ ಅಂತಿಮ ಪಂದ್ಯಕ್ಕೆ ಅವಳು ತಲಪಲಿಲ್ಲ. ಹಾಗಾದರೆ ಅವಳ ಹಿಂತಿರುಗುವಿಕೆ ಸುಳ್ಳಾಯಿತೋ? ಇಲ್ಲ. ಓಟವನ್ನು ಓಡಿರೆಂದು ಇಬ್ರಿಯರಿಗೆ ಬರೆದ ಪತ್ರಿಕೆಯು ಹೇಳುವಾಗ, ನಮಗೆ ನೇಮಕವಾದ ಓಟವನ್ನು ಎಂದು ಹೇಳುತ್ತದೆ; ನೆರೆಯವನಿಗೆ ನೇಮಕವಾದದ್ದನ್ನಲ್ಲ, ನಿನ್ನೆ ನಮಗಿದ್ದದ್ದನ್ನೂ ಅಲ್ಲ.

ಅಂಗವಿಕಲರ ಪಂದ್ಯಗಳು ಈ ನ್ಯಾಯದ ಮೇಲೆಯೇ ಕಟ್ಟಲ್ಪಟ್ಟಿವೆ. ಇವುಗಳನ್ನು ಆರಂಭಿಸಿದವನು ಲುಡ್ವಿಗ್ ಗುಟ್‌ಮನ್ ಎಂಬ ಯೆಹೂದ್ಯ ವೈದ್ಯನು. ಹಿಂಸೆಗೆ ತಪ್ಪಿಸಿಕೊಂಡು 1939ರಲ್ಲಿ ಜರ್ಮನಿಯಿಂದ ಇಂಗ್ಲೆಂಡಿಗೆ ಬಂದ ಇವನು, ಬೆನ್ನೆಲುಬು ಮುರಿದ ಸಿಪಾಯಿಗಳನ್ನು ನೋಡಿಕೊಳ್ಳುವದಕ್ಕೆ ನೇಮಿಸಲ್ಪಟ್ಟನು. ಅಂಥವರು ಬೇಗನೆ ಸಾಯುವರೆಂದು ಅಂದಿನ ವೈದ್ಯರು ಕೈಬಿಡುತ್ತಿದ್ದರು. ಇವನು ಕೈಬಿಡದೆ ಅವರನ್ನು ಎಬ್ಬಿಸಿ ಆಟಕ್ಕೆ ಹಚ್ಚಿದನು. 1948ರ ಜುಲೈ 29ರಂದು ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ಅಂಗಳದಲ್ಲಿ 16 ಜನರು ಗಾಲಿಕುರ್ಚಿಗಳಲ್ಲಿ ಕೂತು ಬಿಲ್ಲುಬಾಣದ ಪಂದ್ಯವನ್ನು ಆಡಿದರು. ಆ ಸಾಸಿವೆಕಾಳು 1960ರಲ್ಲಿ ರೋಮಾಪುರದಲ್ಲಿ ಅನೇಕ ದೇಶದವರು ಕೂಡಿದ ದೊಡ್ಡ ಕ್ರೀಡಾಕೂಟವಾಯಿತು. ಅಂದಿನಿಂದಲೂ ಅದರಲ್ಲಿ ಈಜು ಉಂಟು. ಈಗ ಶರೀರದ ಊನವುಳ್ಳ ಈಜುಗಾರರನ್ನು ಹತ್ತು ವರ್ಗಗಳಾಗಿ ವಿಂಗಡಿಸುತ್ತಾರೆ. ಅಂಕೆ ಕಡಿಮೆಯಾದಷ್ಟೂ ಅಡ್ಡಿ ಹೆಚ್ಚು. ಕಟ್ಟೆಯ ಮೇಲಿನಿಂದ ಹಾರಲಾರದವನು ನೀರಿನೊಳಗಿಂದಲೇ ಹೊರಡಬಹುದು. ಇದು ಕರುಣೆಯಿಂದ ಕೊಟ್ಟ ರಿಯಾಯಿತಿಯಲ್ಲ. ಹಡಗು ಒಡೆದಾಗ ಕೊಟ್ಟ ಹಲಗೆಯಂತೆ ದಡಕ್ಕೆ ನ್ಯಾಯವಾದ ದಾರಿ.

ಕನ್ನಡನಾಡಿನಲ್ಲಿಯೂ ಇಂಥವರಿದ್ದಾರೆ. ಬೆಂಗಳೂರಿನ ಶರತ್ ಗಾಯಕವಾಡರು ಹುಟ್ಟಿನಿಂದ ಎಡಗೈ ಊನವುಳ್ಳವರು. 2012ರಲ್ಲಿ ಲಂಡನ್ನಿನ ಅಂಗವಿಕಲರ ಕ್ರೀಡಾಕೂಟದಲ್ಲಿ ಈಜಿದರು. 2014ರಲ್ಲಿ ಕೊರಿಯಾದ ಇಂಚನ್ ಪಟ್ಟಣದಲ್ಲಿ ಏಷ್ಯಾ ಖಂಡದ ಪಂದ್ಯಗಳಲ್ಲಿ ಆರು ಪದಕಗಳನ್ನು ಪಡೆದರು. ಬೆಂಗಳೂರಿನವರೇ ಆದ ನಿರಂಜನ ಮುಕುಂದನ್ ಹುಟ್ಟಿನಿಂದ ಬೆನ್ನುಹುರಿಯ ರೋಗವುಳ್ಳವರು. ವೈದ್ಯರ ಸಲಹೆಯಿಂದ ನೀರಿಗಿಳಿದು 2021ರಲ್ಲಿ ಟೋಕಿಯೋದ ತನಕ ಹೋದರು. ನಮ್ಮ ಬೆಳಗಾವಿಯ ಮೊಯಿನ್ ಜುನ್ನೇದಿಯವರ ಎಲುಬುಗಳು ಸ್ವಲ್ಪ ತಗಲಿದರೂ ಮುರಿಯುವಂಥವು. ಅವರು ಬೆಳಗಾವಿಯಲ್ಲಿಯೇ ಉಮೇಶ ಕಲಘಟಗಿಯವರ ಕೈಕೆಳಗೆ ಈಜನ್ನು ಕಲಿತು ಪದಕಗಳನ್ನು ತಂದರು. ಇವರು ರೋಗದಿಂದ ಹಿಂತಿರುಗಿದವರಲ್ಲ, ಊನದೊಡನೆಯೇ ಆರಂಭಿಸಿದವರು. ಆದರೆ ಹಿಂತಿರುಗುವವನಿಗೆ ಇವರು ದಾರಿಯನ್ನು ತುಳಿದು ಇಟ್ಟಿದ್ದಾರೆ.

ಪೌಲನು ತನ್ನ ಶರೀರದ ಮುಳ್ಳು ತೆಗೆಯಲ್ಪಡಬೇಕೆಂದು ಮೂರಾವರ್ತಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆ ಬಂತು. ಮುಳ್ಳು ಇದ್ದೇ ಅವನು ಸಮುದ್ರಗಳನ್ನು ದಾಟಿದನು. ತೃಪ್ತಿಯೆಂದರೆ ಇದು. ನಾವು ಆ ಹುಡುಗನಿಗೆ ಬೋಧಿಸಿದ್ದು, ಮುಳ್ಳು ಇರುವದರಿಂದ ಮನೆಯಲ್ಲಿಯೇ ಕೂತಿರು ಎಂಬದು. ಅದು ಪೌಲನ ಬೋಧನೆಯಾಗಿರಲಿಲ್ಲ.

5. ಕೊಳದ ಬಳಿ ಉಳಿದವರು

ಇಲ್ಲಿಗೆ ಪಾಠವನ್ನು ಮುಗಿಸಿದರೆ ಓದುವದಕ್ಕೆ ಹಿತವಾಗಿರುವದು. ಆದರೆ ಸತ್ಯವು ಅರ್ಧವಾಗುವದು. ಬೇತ್ಸಥಾ ಕೊಳದ ಐದು ಮಂಟಪಗಳಲ್ಲಿ ರೋಗಿಗಳು ಗುಂಪುಗುಂಪಾಗಿ ಬಿದ್ದಿದ್ದರು. 38 ವರ್ಷ ಬಿದ್ದಿದ್ದ ಒಬ್ಬನು ಅಂದು ಎದ್ದನು. ಮಿಕ್ಕವರ ಸಂಗತಿಯನ್ನು ಯೋಹಾನನು ಹೇಳುವದಿಲ್ಲ. ಅವರ ನಂಬಿಕೆ ಕಡಿಮೆಯೆಂದು ಹೇಳುವದಕ್ಕೆ ಆಧಾರವೂ ಇಲ್ಲ. ಯಾಕಂದರೆ ಎದ್ದವನಿಗೆ ತನ್ನನ್ನು ಎಬ್ಬಿಸಿದವನು ಯಾರೆಂಬದೇ ಆಗ ತಿಳಿದಿರಲಿಲ್ಲ.

ಈ ವಿಷಯದಲ್ಲಿ ಹಾಲೆಂಡಿನ ಆ ಈಜುಗಾರನು ಆಡಿದ ಮಾತು ಎಲ್ಲಾ ಬೋಧಕರೂ ಕಿವಿಗೊಡತಕ್ಕದ್ದು. ಧೈರ್ಯದಿಂದಲೂ ಹಟದಿಂದಲೂ ಕ್ಯಾನ್ಸರನ್ನು ಗೆದ್ದೆ ಎಂದು ಹೊಗಳಿದವರಿಗೆ ಅವನು, ತಾನು ಬದುಕಿದ್ದು ವೈದ್ಯರಿಂದ, ತನ್ನ ಪಾಲಿಗೆ ಅದು ಅದೃಷ್ಟ ಎಂದು ಹೇಳಿದನು. ಒಳ್ಳೆಯ ಯೋಚನೆಗಳಿಂದ ರೋಗವನ್ನು ಜಯಿಸಬಹುದೆಂದು ಬೋಧಿಸಿದರೆ, ಸತ್ತವರು ಸಾಕಷ್ಟು ಹೋರಾಡಲಿಲ್ಲವೆಂಬ ಅರ್ಥ ಬರುತ್ತದೆ. ಅದು ಅಪಾಯದ ಬೋಧನೆ ಎಂಬದು ಅವನ ಅಭಿಪ್ರಾಯ. ಅವನು ಅದೃಷ್ಟವೆಂದದ್ದನ್ನು ನಾವು ದೇವರ ದಾನವೆನ್ನುತ್ತೇವೆ. ಆದರೆ ದಾನವನ್ನು ಪಡೆದವನು ಅದನ್ನು ತನ್ನ ನಂಬಿಕೆಯ ಕೂಲಿಯೆಂದು ಹೇಳಿಕೊಳ್ಳಬಾರದೆಂಬ ಅವನ ವಿನಯವನ್ನು ನಮ್ಮ ಸಾಕ್ಷಿಕೂಟಗಳು ಕಲಿಯಬೇಕಾಗಿದೆ. ಒಬ್ಬನು ಎದ್ದು ತಾನು ನಂಬಿದ್ದರಿಂದ ವಾಸಿಯಾದೆ ಎಂದು ಸಾಕ್ಷಿ ಹೇಳುವಾಗ, ಹಿಂದಿನ ಚಾಪೆಯಲ್ಲಿ ಮಗಳನ್ನು ಹೂಳಿಟ್ಟ ತಾಯಿಯೊಬ್ಬಳು ಕೂತಿರುತ್ತಾಳೆ. ಅವಳೂ ನಂಬಿದ್ದಳು.

ಅದೇ ಈಜುಗಾರನು 2018ರಲ್ಲಿ ಕ್ಯಾನ್ಸರ್ ರೋಗಿಗಳ ಸಹಾಯಕ್ಕೆ ಹಣ ಕೂಡಿಸುವದಕ್ಕೋಸ್ಕರ ತನ್ನ ದೇಶದ ಹನ್ನೊಂದು ಪಟ್ಟಣಗಳನ್ನು ಕೂಡಿಸುವ ಕಾಲುವೆಗಳಲ್ಲಿ ಸುಮಾರು 200 ಕಿಲೋಮೀಟರ್ ಈಜಲು ಹೊರಟನು. 163 ಕಿಲೋಮೀಟರಿನಲ್ಲಿ ದೇಹವು ಸೋತು ಮೇಲೆತ್ತಲ್ಪಟ್ಟನು. 2019ರಲ್ಲಿ ಮತ್ತೆ ಇಳಿದು ಪೂರೈಸಿದನು. ಬದುಕಿ ಉಳಿದವನು ಉಳಿಯದವರಿಗೆ ಸಾಲಗಾರನೆಂದು ತಿಳಿದ ಮನುಷ್ಯನ ಕೆಲಸವಿದು.

ಸಭೆಯ ಕೆಲಸ

ಕೊಳದ ಬಳಿಯಿದ್ದ ರೋಗಿಯ ದೂರು ರೋಗದ ವಿಷಯವಾಗಿರಲಿಲ್ಲ. ನೀರಿಗೆ ಇಳಿಸುವದಕ್ಕೆ ನನಗೆ ಯಾರೂ ಇಲ್ಲ ಎಂಬದೇ ಅವನ ದೂರು. 38 ವರ್ಷಗಳಲ್ಲಿ ಅವನಿಗೆ ಒಬ್ಬ ಮನುಷ್ಯನು ಸಿಕ್ಕಲಿಲ್ಲ. ಕಪೆರ್ನೌಮಿನ ಪಾರ್ಶ್ವವಾಯುರೋಗಿಗಾದರೋ ನಾಲ್ವರಿದ್ದರು. ಬಾಗಿಲಲ್ಲಿ ದಾರಿಯಿಲ್ಲದಾಗ ಮಾಳಿಗೆಯನ್ನು ತೆರೆದು ಇಳಿಸಿದರು. ಕರ್ತನು ನೋಡಿದ್ದು ಅವರೆಲ್ಲರ ನಂಬಿಕೆಯನ್ನು. ನಮ್ಮ ಸಭೆಯು ಬೇತ್ಸಥಾದಂತಿದೆಯೋ ಕಪೆರ್ನೌಮಿನಂತಿದೆಯೋ?

ನಾಲ್ಕು ಮೂಲೆಗಳನ್ನು ಹೀಗೆ ಹಿಡಿಯಬಹುದು. ಒಬ್ಬನು ವಾರಕ್ಕೊಮ್ಮೆ ರೋಗಿಯನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗಲಿ. ಹೊಲದ ಕೆಲಸವನ್ನು ಬಿಟ್ಟು ಹೋಗಲಾರದ ತಂದೆಗೆ ಅದು ದೊಡ್ಡ ಸಹಾಯ. ಮತ್ತೊಬ್ಬನು ಕಾಗದಪತ್ರಗಳನ್ನು ನೋಡಿಕೊಳ್ಳಲಿ. 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾನೂನು 21 ಬಗೆಯ ಊನಗಳನ್ನು ಒಪ್ಪುತ್ತದೆ, ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದ ಊನವೆಂದು ವೈದ್ಯರ ಪ್ರಮಾಣಪತ್ರವಿದ್ದವರಿಗೆ ಸರಕಾರದ ಸವಲತ್ತುಗಳುಂಟು. ಮೂರನೆಯವನು ಪ್ರಾರ್ಥನಾಮಂದಿರದ ಮೆಟ್ಟಲುಗಳ ಪಕ್ಕದಲ್ಲಿ ಇಳಿಜಾರನ್ನು ಕಟ್ಟಿಸಲಿ. ನಾಲ್ಕನೆಯವನು ಬರೇ ಬಂದು ಕೂತುಕೊಳ್ಳಲಿ, ಉಪದೇಶಮಾಡದೆ ಇರಲಿ. ನಮಗೆ ಬಹು ಕಠಿಣವಾದದ್ದು ಈ ಕಡೆಯದೇ.

ಆ ಯೌವನಸ್ಥನ ಸಂಗತಿ

ನಾವು ಮತ್ತೊಮ್ಮೆ ಅವನ ಬಳಿಗೆ ಹೋಗಿ, ನಮ್ಮ ಮಾತು ತಪ್ಪೆಂದು ಹೇಳಿ ಕ್ಷಮೆ ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ಆಸ್ಪತ್ರೆಯ ವೈದ್ಯರು ನೀರಿನ ಸಾಧನೆ ಮಾಡಬಹುದೆಂದು ಹೇಳಿ ತಿಂಗಳುಗಳಾದವು, ಕರೆದುಕೊಂಡು ಹೋಗುವವರಿಲ್ಲ ಅಂದನು. ಬೇತ್ಸಥಾದ ಮಾತನ್ನೇ ನಾವು ನಮ್ಮ ಹಳ್ಳಿಯಲ್ಲಿ ಕೇಳಿದೆವು.

ಸಭೆಯ ಯುವಕರು ಸರದಿ ಹಾಕಿಕೊಂಡರು. ಜಿಲ್ಲೆಯ ಊರಿನ ಈಜುಗೊಳದಲ್ಲಿ ಮೊದಲನೆಯ ದಿನ ಅವನು ಹಿಡಿಕೆಯನ್ನು ಬಿಡಲೇ ಇಲ್ಲ. ಮೀನಿನಂತೆ ಇದ್ದವನು ನೀರಿಗೆ ಹೆದರಿ ಅತ್ತನು. ಮೂರನೆಯ ತಿಂಗಳಲ್ಲಿ ಕೈಗಳ ಬಲದಿಂದಲೇ ಗೋಡೆಯಿಂದ ಗೋಡೆಗೆ ಹೋದನು. ಮೊದಲು ಅದಕ್ಕೆ ಹಿಡಿಯುತ್ತಿದ್ದ ಕಾಲಕ್ಕೆ ಮೂರರಷ್ಟು ಹಿಡಿಯಿತು. ಈಗ ಒಂದು ಕೋಲಿನ ಮೇಲೆ ನಡೆಯುತ್ತಾನೆ. ಎಡಪಾದವು ಏಳುವದಿಲ್ಲ, ಏಳಲಾರದೆಂದು ವೈದ್ಯರು ಹೇಳಿದ್ದಾರೆ. ಅಂಗವಿಕಲರ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾನೆ. ಅವನು ಗೆಲ್ಲುವನೋ ನಾವು ಅರಿಯೆವು. ಗೆಲ್ಲದಿದ್ದರೂ ಈ ಪಾಠದಲ್ಲಿ ಒಂದು ಅಕ್ಷರವನ್ನೂ ತಿದ್ದುವ ಅವಶ್ಯವಿಲ್ಲ.

ಕಳೆದ ಬೇಸಿಗೆಯಲ್ಲಿ ಅವನು ಬಾವಿಯ ಪಾವಟಿಗೆಯ ಮೇಲೆ ಕೂತು ಭಾನುವಾರಶಾಲೆಯ ಮಕ್ಕಳಿಗೆ ಈಸು ಕಲಿಸುವದನ್ನು ಕಂಡೆವು. ಒಬ್ಬ ಚಿಕ್ಕವನು ಬೆನ್ನಿನ ಬುರುಡೆಯನ್ನು ಬಿಚ್ಚುವದಕ್ಕೆ ನಾಚುತ್ತಲೂ ಇಟ್ಟುಕೊಳ್ಳುವದಕ್ಕೆ ನಾಚುತ್ತಲೂ ಇದ್ದನು. ಅವನಿಗೆ ಈತನು, “ಇರಲಿ ಬಿಡೋ, ಬುರುಡೆ ಕಟ್ಟಿಕೊಂಡವನೂ ದಡಕ್ಕೇ ಬರುತ್ತಾನೆ,” ಅಂದನು.

ವಿಚಾರಕ್ಕಾಗಿ ಪ್ರಶ್ನೆಗಳು

1. ಹಡಗು ಒಡೆದಾಗ ಎಲ್ಲರೂ ಒಂದೇ ರೀತಿಯಾಗಿ ದಡ ಸೇರಿದರೋ? ಇದರಿಂದ ಸಭೆಯು ಏನು ಕಲಿಯತಕ್ಕದ್ದು?
2. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ ಪ್ರಶ್ನೆಯನ್ನು ನಾವು ಯಾವ ಯಾವ ಮಾತುಗಳಿಂದ ಇಂದು ಕೇಳುತ್ತೇವೆ?
3. ಪೌಲನ ತೃಪ್ತಿಗೂ, ಆಶೆಯನ್ನು ಬಿಟ್ಟು ಕೂತಿರುವದಕ್ಕೂ ಭೇದವೇನು?
4. ವಾಸಿಯಾದವನು ಸಭೆಯಲ್ಲಿ ಸಾಕ್ಷಿ ಹೇಳುವಾಗ, ವಾಸಿಯಾಗದವರನ್ನು ನೋಯಿಸದ ಹಾಗೆ ಹೇಗೆ ಹೇಳಬೇಕು?
5. ನಿಮ್ಮ ಊರಿನಲ್ಲಿ ನನಗೆ ಯಾರೂ ಇಲ್ಲ ಎಂದು ಹೇಳುವವರು ಯಾರು? ಹೊರಸಿನ ನಾಲ್ಕು ಮೂಲೆಗಳನ್ನು ಹಿಡಿಯುವವರು ಯಾರು? ಹೆಸರುಗಳನ್ನು ಬರೆದುಕೊಂಡು ಬರುವ ಕೂಟಕ್ಕೆ ತನ್ನಿರಿ.

ಪ್ರಾರ್ಥನೆಗೆ: ಹೊರಸಿನ ಮೇಲಿರುವವರಿಗೋಸ್ಕರವೂ, ಅವರನ್ನು ನೋಡಿಕೊಂಡು ದಣಿದ ತಾಯಂದಿರಿಗೋಸ್ಕರವೂ, ವೈದ್ಯರಿಗೋಸ್ಕರವೂ, ಅವಸರದಿಂದ ಮಾತಾಡಿ ಕದ ಮುಚ್ಚಿದ ನಮ್ಮಂಥ ಬೋಧಕರಿಗೋಸ್ಕರವೂ ಬೇಡಿಕೊಳ್ಳಿರಿ.